ಬೀಟಲ್‌ನ ತಗಡು ಬಿಚ್ಚಬೇಡಿ

ಕೈಲ್‌ಪೊಳ್ದು ಹಬ್ಬ ಕಳೆದು ಮಳೆ ಇಳಿಯುತ್ತಿದ್ದಂತೆ ಕೊಡಗಿನ ತೋಟದ ಶೆಡ್ಡುಗಳಿಂದ ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ಗಳು ಹೊರಗೆ ಬರುತ್ತವೆ. ಬೆನ್ನಿಗೇ ಅವೇ ಪ್ರಶ್ನೆಗಳೂ ಬರುತ್ತವೆ. ಎಣ್ಣೆ ಬದಲಿಸುವುದು, ಪ್ಲಗ್ ತೊಳೆಯುವುದು ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ.

ಪ್ರಶ್ನೆ: ನನ್ನದು 1968ರ ಬೀಟಲ್. ಮಳೆಗಾಲವಿಡೀ ಶೆಡ್ಡಿನಲ್ಲಿತ್ತು. ಮೊನ್ನೆ ಸಂಪಾಜೆ ಘಾಟಿ ಹತ್ತುವಾಗ ಸುಟ್ಟ ವಾಸನೆ ಬಂತು. ಮಡಿಕೇರಿ ತಲುಪಿದಾಗ ಐಡ್ಲಿಂಗ್‌ನಲ್ಲಿ ಎಣ್ಣೆ ದೀಪ ಮಿಣುಕುತ್ತಿತ್ತು. ಮೆಕ್ಯಾನಿಕ್ ಥರ್ಮೋಸ್ಟಾಟ್ ಕಿತ್ತು, ಎಂಜಿನ್ ಸುತ್ತಲಿನ ಕೆಲವು ತಗಡನ್ನೂ ಬಿಚ್ಚಿ, ‘ಇನ್ನು ಗಾಳಿ ಚೆನ್ನಾಗಿ ಆಡುತ್ತೆ’ ಎಂದರು. ಈಗ ಬಿಸಿ ಇನ್ನೂ ಜಾಸ್ತಿ. ಹೊರಗಡೆ ಇನ್ನೊಂದು ಆಯಿಲ್ ಕೂಲರ್ ಕೂರಿಸಲೇ? (ವಿರಾಜಪೇಟೆ)

ಬಿಚ್ಚಿದ ತಗಡೆಲ್ಲ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿರುತ್ತದೆ. ಗುಜರಿಗೆ ಹೋಗುವ ಮೊದಲು ತನ್ನಿ. ಉಳಿದದ್ದು ಆಮೇಲೆ.

ಬೈಕಿನ ಎಂಜಿನ್ ರಸ್ತೆಯ ಗಾಳಿಗೆ ಮೈಯೊಡ್ಡಿ ತಣ್ಣಗಾಗುತ್ತದೆ. ಬೀಟಲ್‌ನ ಎಂಜಿನ್ ಕೂತಿರುವುದು ಹಿಂದಿನ ಪೆಟ್ಟಿಗೆಯೊಳಗೆ, ರಸ್ತೆಯ ಗಾಳಿ ಅದನ್ನು ಮುಟ್ಟುವುದೇ ಇಲ್ಲ. ಡೈನಮೋ ಶಾಫ್ಟಿನ ತುದಿಯಲ್ಲಿರುವ ಫ್ಯಾನ್, ಹಿಂಗಾಜಿನ ಕೆಳಗಿನ ಸೀಳುಗಳಿಂದ ಗಾಳಿ ಎಳೆದು, ನಾಲ್ಕು ಸಿಲಿಂಡರ್‌ಗಳ ಫಿನ್‌ಗಳ (ಬಿಸಿ ಬಿಡುವ ತೆಳು ಲೋಹದ ಪದರಗಳ) ನಡುವೆಯೂ ಆಯಿಲ್ ಕೂಲರ್ ಮೂಲಕವೂ ಒತ್ತಿ ಕೆಳಕ್ಕೆ ಬಿಡುತ್ತದೆ. ಆ ತಗಡುಗಳು ಮತ್ತು ಅಂಚಿನ ರಬ್ಬರ್ ಸೀಲ್ ಸೇರಿ ಮೇಲೆ ತಣ್ಣನೆಯ ಕೋಣೆ, ಕೆಳಗೆ ಬಿಸಿಯ ಕೋಣೆ ಅಂತ ಪಾಲು ಮಾಡಿವೆ. ಗೋಡೆ ಒಡೆದರೆ ಕೆಳಗಿನ ಬಿಸಿಗಾಳಿಯನ್ನೇ ಫ್ಯಾನ್ ಮತ್ತೆ ಎಳೆದುಕೊಳ್ಳುತ್ತದೆ. ಸಿಲಿಂಡರ್ ಅಡಿಯ ತಗಡು ಇಲ್ಲದಿದ್ದರೆ ಗಾಳಿ ಫಿನ್‌ಗಳನ್ನು ಸುತ್ತಿಕೊಳ್ಳದೆ ಸುಮ್ಮನೆ ಜಾರಿಹೋಗುತ್ತದೆ. ಪ್ಲಗ್ ವೈರಿನ ರಬ್ಬರ್ ಟೋಪಿ ಹರಿದಿದ್ದರೂ, ಹೀಟರ್ ಪೈಪು ಕಿತ್ತ ತೂತು ಬಾಯಿ ಬಿಟ್ಟಿದ್ದರೂ ಇದೇ ಕಥೆ. ಗಾಳಿ ಆಡಲಿ ಎಂದು ತಗಡು ಬಿಚ್ಚುವ ಮೆಕ್ಯಾನಿಕ್‌ಗೆ ಎಂಜಿನ್‌ನ ಬೋಲ್ಟು ಗೊತ್ತಿದೆ, ಎಂಜಿನ್ ಗೊತ್ತಿಲ್ಲ.

ಥರ್ಮೋಸ್ಟಾಟ್‌ನಿಂದಲೇ ಬಿಸಿ ಎಂಬ ಅಪವಾದವೂ ಹಳೆಯದು. ಬಲಗಡೆಯ ಸಿಲಿಂಡರ್‌ಗಳ ಅಡಿಯಲ್ಲಿರುವ ಆ ಬೆಲ್ಲೋಸ್ (ಬಿಸಿಗೆ ಹಿಗ್ಗುವ ಸುಕ್ಕುಗಟ್ಟಿದ ಲೋಹದ ಡಬ್ಬಿ) ಸುಮಾರು 65ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಹಿಗ್ಗಿ ಗಾಳಿಯ ದಾರಿ ತೆರೆಯುತ್ತದೆ. ಮೂಲ ಬೆಲ್ಲೋಸ್ ಸೋರಿ ಕೆಟ್ಟರೆ ಹಿಗ್ಗಿಯೇ ಉಳಿಯುತ್ತದೆ, ಅಂದರೆ ದಾರಿ ತೆರೆದೇ ಇರುತ್ತದೆ. ಆ ದಾರಿಯನ್ನು ತೆರೆದು ಮುಚ್ಚುವ ಫ್ಲಾಪ್‌ಗಳು ತುಕ್ಕು ಹಿಡಿದು ಸಿಕ್ಕಿಕೊಂಡಿವೆಯೇ ನೋಡಿ, ಅಷ್ಟು ಸಾಕು. ಥರ್ಮೋಸ್ಟಾಟ್ ಕಿತ್ತು ಓಡಿಸಿದರೆ ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ಎಂಜಿನ್ ಬೆಚ್ಚಗಾಗಲು ಬಹಳ ಹೊತ್ತು ಹಿಡಿಯುತ್ತದೆ, ಎಣ್ಣೆಯಲ್ಲಿ ನೀರಿನ ಪಸೆ ನಿಂತು ಕೆಸರಾಗುತ್ತದೆ.

ಇನ್ನು ನಿಮ್ಮ ಸುಟ್ಟ ವಾಸನೆ. ನನ್ನ ಮೊದಲ ಗುಮಾನಿ ಇಲಿಯ ಮೇಲೆ. ಮಳೆಗಾಲದ ಶೆಡ್ಡಿನಲ್ಲಿ ಫ್ಯಾನ್ ಹೌಸಿಂಗ್‌ಗಿಂತ (ಫ್ಯಾನನ್ನು ಸುತ್ತುವರಿದ ತಗಡಿನ ಕವಚ) ಒಣಗಿದ ಜಾಗ ಇಲಿಗೆ ಸಿಗುವುದಿಲ್ಲ. ಕಾಫಿ ಹೊಟ್ಟು, ಅಡಿಕೆ ನಾರು, ಸಿಲ್ವರ್ ಓಕ್ ಎಲೆ ಎಲ್ಲ ತಂದು ಗೂಡು ಕಟ್ಟುತ್ತದೆ. ನೀವು ಸ್ಟಾರ್ಟ್ ಮಾಡಿದೊಡನೆ ಫ್ಯಾನ್ ಅದನ್ನು ಫಿನ್‌ಗಳ ಮೇಲೆ, ಆಯಿಲ್ ಕೂಲರ್ ಮೇಲೆ ತುರುಕುತ್ತದೆ. ಜತೆಗೆ ಸೋರಿದ ಎಣ್ಣೆಗೆ ಧೂಳು ಮೆತ್ತಿದ್ದರೆ ಫಿನ್‌ಗಳಿಗೆ ಕಂಬಳಿ ಹೊದಿಸಿದಂತೆಯೇ. ಟಾರ್ಚ್ ಹಾಕಿ ಇಣುಕಿದರೆ ಇದು ಅರ್ಧವೂ ಕಾಣದು. ಎಂಜಿನ್ ಇಳಿಸಿ, ಹೌಸಿಂಗ್ ಎತ್ತಿ, ತೊಳೆಯಿರಿ. ನಾಲ್ಕು ಬೋಲ್ಟಿನ ಎಂಜಿನ್ ಇಳಿಸಲು ಗೋಳಾಡುವ ಗ್ಯಾರೇಜಿಗೆ ಗಾಡಿ ಕೊಡಬೇಡಿ. ಮುಂದಿನ ಮಳೆಗಾಲಕ್ಕೆ ಫ್ಯಾನಿನ ಬಾಯಿಗೆ ತಂತಿ ಬಲೆ ಕಟ್ಟಿ, ‘ಬಲೆ ತೆಗೆ’ ಎಂದು ಬರೆದ ಚೀಟಿಯನ್ನು ಸ್ಟೀರಿಂಗ್‌ಗೆ ಸಿಕ್ಕಿಸಿ. ಬಲೆ ಕಟ್ಟಿಕೊಂಡೇ ಓಡಿಸುವವರೂ ಇದ್ದಾರೆ.

ನಿಮ್ಮ ಮಾಡೆಲ್‌ನಲ್ಲಿ ಆಯಿಲ್ ಕೂಲರ್ ಹೌಸಿಂಗ್‌ನ ಒಳಗೇ, ಮೂರನೇ ಸಿಲಿಂಡರ್‌ನ ಗಾಳಿಗೆ ಅಡ್ಡ ನಿಂತಿದೆ. 1971ರ ಮಾಡೆಲ್‌ನಿಂದ ಅದಕ್ಕೆ ಬೇರೆ ಗೂಡು ಕೊಟ್ಟರು. ಹಾಗಾಗಿ ಹಳೆಯದರಲ್ಲಿ ಮೊದಲು ಬೇಯುವುದು ಮೂರನೆಯದೇ. ಟ್ಯಾಪೆಟ್ ಅಂತರವನ್ನು (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು) ಪೂರ್ತಿ ತಣ್ಣಗಾದ ಎಂಜಿನ್‌ನಲ್ಲಿ 0.15 ಮಿ.ಮೀ.ಗೆ ಕೂರಿಸಿ. ಬಿಗಿಯಾದ ಎಕ್ಸಾಸ್ಟ್ ವಾಲ್ವ್ ಸದ್ದು ಮಾಡದೆ ಸುಡುತ್ತದೆ. ಟಿಕ್‌ಟಿಕ್ ಕೇಳಿಸುತ್ತಿದ್ದರೆ ನನಗೆ ಸಮಾಧಾನ.

ಘಾಟಿಯಲ್ಲಿ ನೀವು ಟಾಪ್ ಗೇರ್‌ನಲ್ಲೇ ಎಳೆಸಿದ್ದೀರಿ ಅಂತಲೂ ಅನುಮಾನ. ಫ್ಯಾನ್ ತಿರುಗುವುದು ಎಂಜಿನ್ ತಿರುಗಿದಂತೆ. ಎಂಜಿನ್ ಏದುಸಿರು ಬಿಡುತ್ತ ನಿಧಾನ ತಿರುಗಿದರೆ ಬಿಸಿ ಹೆಚ್ಚು, ಗಾಳಿ ಕಡಿಮೆ. ಮೂರಕ್ಕೆ ಇಳಿಸಿ, ತಿರುವಿನಲ್ಲಿ ಎರಡಕ್ಕೆ. ಸದ್ದಾದರೆ ಆಗಲಿ.

ಹೊರಗಿನ ಆಯಿಲ್ ಕೂಲರ್ ಬೇಡ. ಕಂಪನಿಯ ಸಾದಾ ಎಂಜಿನ್‌ಗೆ ಅದರ ಅಗತ್ಯವಿಲ್ಲ. ಇಲಿ ಗೂಡನ್ನು ಒಳಗೇ ಬಿಟ್ಟು ಎಣ್ಣೆ ಸೋರಲು ಇನ್ನೆರಡು ಪೈಪು ಸಿಕ್ಕಿಸಿದಂತಾಗುತ್ತದೆ.

ಪ್ರಶ್ನೆ: ಬಿಸಿಯಾದಾಗ ಎಂಜಿನ್ ಮೇಲೆ ನೀರು ಎರಚಬಹುದೇ? (ಸೋಮವಾರಪೇಟೆ)

ಹೆಡ್ ಬಿರುಕು ಬಿಡಬೇಕು ಅಂತಿದ್ದರೆ ಎರಚಿ.

ಪ್ರಶ್ನೆ: ಹಿಂದಿನ ಮುಚ್ಚಳಕ್ಕೆ ಮರದ ತುಂಡು ಕೊಟ್ಟು ಅರೆ ತೆರೆದಿಟ್ಟರೆ? (ಸಿದ್ದಾಪುರ)

ಬೇಡ. ರಸ್ತೆಯ ಧೂಳನ್ನು ಫ್ಯಾನಿಗೆ ನೀವೇ ಉಣಿಸಬೇಕೇ? ಸೀಲ್ ಸರಿಮಾಡಿ.

ಪ್ರಶ್ನೆ: ಪವರ್ ಹೆಚ್ಚುತ್ತದೆ ಎಂದು ಸಣ್ಣ ಕ್ರ್ಯಾಂಕ್ ಪುಲ್ಲಿ ಮಾರುತ್ತಿದ್ದಾರೆ. ಹಾಕಿಸಲೇ? (ಕುಶಾಲನಗರ)

ಫ್ಯಾನಿನ ಬೆಲ್ಟ್ ಎಳೆಯುವುದು ಆ ಪುಲ್ಲಿಯೇ, ಸಣ್ಣದಾದರೆ ಫ್ಯಾನಿನ ವೇಗ ಇಳಿಯುತ್ತದೆ. ಮಾರುವವನು ನಿಮ್ಮ ಜತೆ ಘಾಟಿ ಹತ್ತುವುದಿಲ್ಲ.

ಪ್ರಶ್ನೆ: ಡೈನಮೋದ ಕೆಂಪು ದೀಪ ಹತ್ತಿತು. ಬ್ಯಾಟರಿ ಇದೆಯಲ್ಲ, ಮನೆ ತನಕ ಹೋಗಬಹುದು ಎಂದರು. ಹೋದೆ. ಈಗ ಎಂಜಿನ್ ಜಾಮ್. (ಗೋಣಿಕೊಪ್ಪ)

ಬೇರೆ ಕಾರಿನಲ್ಲಿ ಆ ಮಾತು ನಡೆದೀತು. ಇಲ್ಲಿ ಡೈನಮೋಗೂ ಫ್ಯಾನಿಗೂ ಒಂದೇ ಬೆಲ್ಟ್. ಆ ದೀಪ ಹತ್ತಿದರೆ ಬೆಲ್ಟ್ ಹರಿದಿದೆ ಎಂದೇ ತಿಳಿದು ಆ ಕ್ಷಣ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ. ‘ಆ ತಿರುವಿನ ತನಕ’ ಎಂಬುದಿಲ್ಲ. ಬೆಲ್ಟ್ ನೆಟ್ಟಗಿದ್ದರೆ ಚಾರ್ಜಿಂಗ್ ದೋಷ ಎಂದು ಆಮೇಲೆ ನಿಧಾನವಾಗಿ ಹುಡುಕಬಹುದು. ಹೆಬ್ಬೆರಳಿನಿಂದ ನಡುವೆ ಒತ್ತಿದರೆ ಬೆಲ್ಟ್ ಸುಮಾರು 15 ಮಿ.ಮೀ. ತಗ್ಗಬೇಕು. ಹೆಚ್ಚು ತಗ್ಗಿದರೆ ಡೈನಮೋ ಪುಲ್ಲಿಯ ಎರಡು ಹೋಳುಗಳ ನಡುವಿನ ಒಂದು ಶಿಮ್ (ತೆಳು ಬಿಲ್ಲೆ) ತೆಗೆದು ಹೊರಗೆ, ನಟ್ಟಿನ ಅಡಿಗೆ ಹಾಕಿ. ಎಸೆಯಬೇಡಿ, ಹೊಸ ಬೆಲ್ಟಿಗೆ ಅದು ಬೇಕಾಗುತ್ತದೆ. ವೀಣೆಯ ತಂತಿಯಂತೆ ಬಿಗಿದರೆ ಡೈನಮೋ ಬೇರಿಂಗ್ ಹೋಗುತ್ತದೆ. ಗಾಡಿಯಲ್ಲಿ ಸದಾ ಒಂದು ಹೊಸ ಬೆಲ್ಟ್, 21 ಮಿ.ಮೀ. ಸ್ಪ್ಯಾನರ್, ಪುಲ್ಲಿಯನ್ನು ತಡೆದು ಹಿಡಿಯಲು ದಪ್ಪ ಸ್ಕ್ರೂಡ್ರೈವರ್ ಇರಲಿ. ನಿಮ್ಮ ಎಂಜಿನ್ ಬಿಚ್ಚಿ ನೋಡದೆ ನಾನು ಖರ್ಚು ಹೇಳುವುದಿಲ್ಲ, ಯಾರಾದರೂ ಫೋನಿನಲ್ಲೇ ಹೇಳಿದರೆ ನಂಬಬೇಡಿ.