ಅಕ್ಕನನ್ನು ನೋಡಲು ಬಿಡದಿದ್ದಾಗ

ಪ್ರಿಯ ಸೋದರಿ,

ಹೊಸನಗರದ ಹತ್ತಿರದ ಹಳ್ಳಿಯಿಂದ ನೀವು ಬರೆದ ಪತ್ರವನ್ನು ಎರಡು ಬಾರಿ ಓದಿದೆ. ಅಕ್ಕನ ಮಿದುಳಿನ ಎಡಗಡೆ, ಹಣೆಯ ಹಿಂದೆ ಗಡ್ಡೆಯಿರುವುದು ತಿಳಿದು ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿದೆ. ಐಸಿಯು ಒಳಗೆ ದಿನಕ್ಕೊಮ್ಮೆ ಒಬ್ಬರನ್ನಷ್ಟೇ ಬಿಡುವುದರಿಂದ ಭಾವ ಮಾತ್ರ ಅವರನ್ನು ನೋಡುತ್ತಿದ್ದಾರೆ. ನೀವು ಅಡಿಕೆಯ ಕೊನೆಕೊಯ್ಲಿನ ನಡುವೆ ಅಕ್ಕನ ಇಬ್ಬರು ಮಕ್ಕಳನ್ನೂ, ವಿಷಯ ತಿಳಿಯದ ತಾಯಿಯನ್ನೂ ನೋಡಿಕೊಂಡು ಮನೆಯಲ್ಲಿದ್ದೀರಿ. ಆಸ್ಪತ್ರೆಗೆ ಸೇರಿದ ದಿನ ಅಕ್ಕ ಫೋನಿನಲ್ಲಿ ನಿಮ್ಮನ್ನು ಬೇರೆ ಹೆಸರಿನಿಂದ ಕರೆದು, ಸಿಡುಕಿ, ಫೋನ್ ಇಟ್ಟುಬಿಟ್ಟರಂತೆ. "ನಾನು ಜೊತೆಗೆ ಬರಲಿಲ್ಲವೆಂದು ಅವಳಿಗೆ ಕೋಪವೇ?" ಎಂದು ಕೇಳಿದ್ದೀರಿ.

ಆ ಸಿಡುಕನ್ನು ನಿಮ್ಮ ಮೇಲಿನ ದೂರೆಂದು ದಯವಿಟ್ಟು ಹೊತ್ತು ತಿರುಗಬೇಡಿ. ಬಹುತೇಕರಲ್ಲಿ ಮಾತನ್ನು ನಡೆಸುವ ಭಾಗಗಳು ಮಿದುಳಿನ ಎಡಗಡೆಯಲ್ಲಿರುತ್ತವೆ. ಗಡ್ಡೆಯಾಗಲಿ ಅದರ ಸುತ್ತಲಿನ ಊತವಾಗಲಿ ಅಲ್ಲಿ ಒತ್ತಿದಾಗ, ಮನಸ್ಸಿನಲ್ಲಿರುವ ಹೆಸರು ನಾಲಿಗೆಗೆ ಬಾರದೆ ಇನ್ನೊಂದು ಬಂದುಬಿಡುತ್ತದೆ. ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾದರೆ ತಾಳ್ಮೆಯೂ ಕುಸಿಯುತ್ತದೆ. ಊತ ಇಳಿಸಲು ಸಾಮಾನ್ಯವಾಗಿ ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೂಡ ನಿದ್ದೆ ಕೆಡಿಸಿ ಸಿಡುಕು ತರಬಲ್ಲದು. ಮುಂದೆ ಅಕ್ಕ ಮಾತನಾಡುವಾಗ ಪದಕ್ಕಾಗಿ ತಡಕಾಡಿದರೆ ತುಸು ಕಾಯಿರಿ. ಅವಸರದಲ್ಲಿ ನೀವೇ ವಾಕ್ಯ ಮುಗಿಸಬೇಡಿ.

ಒಳಗೆ ಬಿಡದಿರುವುದು ಕ್ರೌರ್ಯವೆಂದು ಬರೆದಿದ್ದೀರಿ. ತಲೆಬುರುಡೆ ತೆರೆದು ಮುಚ್ಚಿದ ಮೊದಲ ದಿನಗಳಲ್ಲಿ ಸೋಂಕಿನ ಭಯ ಸಣ್ಣದಲ್ಲ. ಪಕ್ಕದ ಹಾಸಿಗೆಯವರ ಸ್ಥಿತಿಯೂ ಅಷ್ಟೇ ನಾಜೂಕಾಗಿರುತ್ತದೆ. ನಿಯಮಕ್ಕೆ ಕಾರಣವಿದೆ ಎಂದ ಮಾತ್ರಕ್ಕೆ ನಿಮ್ಮ ಸಂಕಟ ಕಡಿಮೆಯಾಗದು, ನಿಜ. ಆದರೆ ಭಾವ "ಎಲ್ಲ ಸರಿ ಇದೆ" ಎಂದಷ್ಟೇ ಹೇಳುವುದನ್ನು ಬಚ್ಚಿಡುವಿಕೆ ಎಂದು ತಿಳಿಯಬೇಡಿ. ನನ್ನ ತಂದೆ ಶಿವಮೊಗ್ಗದಲ್ಲಿ ಐಸಿಯುವಿನಲ್ಲಿದ್ದಾಗ ಬಾಗಿಲ ಹೊರಗೆ ಕುಳಿತಿದ್ದವನು ನಾನು. ಕರೆ ಮಾಡಿದವರಿಗೆಲ್ಲ "ಆರಾಮಿದ್ದಾರೆ" ಎನ್ನುತ್ತಿದ್ದೆ. ಅದೇ ವಿವರವನ್ನು ಮತ್ತೊಮ್ಮೆ ಹೇಳುವ ತ್ರಾಣ ಉಳಿದಿರುತ್ತಿರಲಿಲ್ಲ.

ಆ ಭಾರವನ್ನು ನೀವು ತೆಗೆದುಕೊಳ್ಳಬಹುದು. ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕೆಂದಿದ್ದೀರಿ. ವೈದ್ಯರ ರೌಂಡ್ಸ್ ಮುಗಿದ ನಂತರದ ಒಂದು ಹೊತ್ತನ್ನು ಗೊತ್ತುಮಾಡಿಕೊಂಡು ಭಾವನೊಂದಿಗೆ ಆಗ ಮಾತ್ರ ಮಾತನಾಡಿ. ಉಳಿದ ನೆಂಟರಿಗೆಲ್ಲ ನೀವೇ ತಿಳಿಸುವುದಾಗಿ ಹೇಳಿ. ಕೇಳಬೇಕಾದ್ದನ್ನು ಹಿಂದಿನ ರಾತ್ರಿಯೇ ಬರೆದಿಡಿ: ಗಡ್ಡೆಯನ್ನು ಎಷ್ಟು ತೆಗೆದಿದ್ದಾರೆ, ಫಿಟ್ಸ್ ಬಂದಿದೆಯೇ, ಬಯಾಪ್ಸಿ (ಗಡ್ಡೆಯ ತುಣುಕಿನ ಪರೀಕ್ಷೆ) ವರದಿ ಯಾವಾಗ ಬರುತ್ತದೆ. ಮಿದುಳಿನ ಗಡ್ಡೆಗಳೆಲ್ಲ ಕ್ಯಾನ್ಸರ್ ಅಲ್ಲ. ಮಿದುಳಿನ ಪೊರೆಯಲ್ಲಿ ಹುಟ್ಟುವ ಮೆನಿಂಜಿಯೋಮಾ ಬಹುಪಾಲು ನಿಧಾನವಾಗಿ ಬೆಳೆಯುವಂಥದ್ದು. ಗಡ್ಡೆಗಳನ್ನು ತೀವ್ರತೆಗೆ ತಕ್ಕಂತೆ 1ರಿಂದ 4ರವರೆಗೆ ಗ್ರೇಡ್ ಮಾಡುತ್ತಾರೆ, ಎಂಆರ್‌ಐ ಚಿತ್ರವೊಂದರಿಂದಲೇ ಆ ಗ್ರೇಡ್ ಖಚಿತವಾಗುವುದಿಲ್ಲ. ವರದಿ ಬರುವವರೆಗೆ ಕೇರಿಯವರ ಊಹೆಗಳಿಗೆ ಕಿವಿಗೊಡಬೇಡಿ.

ಮಕ್ಕಳ ದನಿಯನ್ನು ಒಂದೆರಡು ನಿಮಿಷ ರೆಕಾರ್ಡ್ ಮಾಡಿ ಕಳಿಸಿ. ನರ್ಸಿನ ಒಪ್ಪಿಗೆ ಪಡೆದು ಭಾವ ಅದನ್ನು ಅಕ್ಕನಿಗೆ ಕೇಳಿಸಲಿ. ಪ್ರಶ್ನೆಗಳು ಬೇಡ, ಉತ್ತರಿಸಬೇಕಾದ ಶ್ರಮ ಅವರ ಪಾಲಿಗೆ ಬರಬಾರದು. ಅಂಗಳದಲ್ಲಿ ಅಡಿಕೆ ಸುಲಿಯುವವರ ಮಾತು ಹಿನ್ನೆಲೆಯಲ್ಲಿ ಕೇಳಿಬಂದರೆ ಬರಲಿ. ಅದು ಅವರ ಮನೆಯ ಸದ್ದು.

ತಾಯಿಗೆ ಹೇಳಬೇಕೇ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ಸ್ಪಷ್ಟ: ಹೇಳಿ, ಇನ್ನೊಬ್ಬರ ಬಾಯಿಂದ ಅವರಿಗೆ ತಿಳಿಯುವ ಮೊದಲೇ. ಗೊತ್ತಿರುವಷ್ಟನ್ನು ಮಾತ್ರ, ಹತ್ತಿರ ಕುಳಿತು ಹೇಳಿ. ನಿಮಗೇ ರಾತ್ರಿ ನಿದ್ದೆ ಬಾರದಿದ್ದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿಗೆ ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಅಕ್ಕ ವಾರ್ಡಿಗೆ ಬಂದಮೇಲೆ ಭಾವನಿಗೂ ವಿಶ್ರಾಂತಿ ಬೇಕಾಗುತ್ತದೆ. ರೇಡಿಯೇಷನ್ ಬೇಕಾದರೆ ಅದು ಹಲವು ವಾರ ನಡೆಯಬಹುದು. ಯಾವ ವಾರ ನೀವು ರಾತ್ರಿ ಬಸ್ಸು ಹತ್ತುತ್ತೀರಿ, ಆಗ ಮಕ್ಕಳ ಜೊತೆ ಯಾರಿರುತ್ತಾರೆ ಎಂಬುದನ್ನು ಈಗಲೇ ಭಾವನೊಂದಿಗೆ ಮಾತನಾಡಿಟ್ಟುಕೊಳ್ಳಿ.

— ಸಂಪಾದಕ