ಕೌನ್ಸೆಲರ್ ಹತ್ರ ಹೋದ್ರೆ ಕಾಲೇಜಿಗೆಲ್ಲ ಗೊತ್ತಾಗುತ್ತಾ ಅಕ್ಕಾ?

ಪ್ರಶ್ನೆ: ಅಕ್ಕಾ ನಮಸ್ತೆ. ನಂದು ಚಿತ್ರದುರ್ಗ ಜಿಲ್ಲೆ, ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ, ಈಗ ಬೆಂಗಳೂರಲ್ಲಿ ಎಂಎಸ್ಸಿ. ಮೊದಲ ಸೆಮ್‌ನಲ್ಲಿ ಎರಡು ಸಬ್ಜೆಕ್ಟ್ ಹೋಯ್ತು, ಆವಾಗಿಂದ ಒಂದೂವರೆ ತಿಂಗಳಾಯ್ತು, ದಿನಾ ರಾತ್ರಿ ಮೂರಕ್ಕೆ ಎಚ್ಚರ ಆಗುತ್ತೆ, ಆಮೇಲೆ ನಿದ್ದೆ ಇಲ್ಲ. ಅಮ್ಮ ಫೋನ್ ಮಾಡಿ ಊಟ ಆಯ್ತಾ ಅಂತಾರೆ, ಆಯ್ತಮ್ಮ ಅಂತೀನಿ, ಮೆಸ್ ತಟ್ಟೇಲಿ ಅನ್ನ ಹಾಗೇ ಇರುತ್ತೆ. ನಮ್ ಕಾಲೇಜಲ್ಲಿ ಕೌನ್ಸೆಲರ್ ಅಂತ ಇರೋದು ನಮ್ ಡಿಪಾರ್ಟ್‌ಮೆಂಟ್ ಮೇಡಮ್ಮೇ, ಇಂಟರ್ನಲ್ಸ್ ಮಾರ್ಕ್ಸ್ ಹಾಕೋರೂ ಅವರೇ. ಅವರ ಹತ್ರ ಹೇಗೆ ಅಳೋದು? ಹೊರಗಡೆ ತೋರಿಸಿದ್ರೆ ಹುಚ್ಚಿ ಅಂತ ರೆಕಾರ್ಡ್ ಆಗುತ್ತಾ?

ಉತ್ತರ: ಪುಟ್ಟಿ, ನಿನ್ನ ಪತ್ರದಲ್ಲಿ ನಂಗೆ ಕಣ್ಣಿಗೆ ಬಿದ್ದಿದ್ದು ಆ ತಟ್ಟೆ. ಬೆಳಗಿನ ಜಾವ ಎಚ್ಚರ ಆಗೋದು, ಅನ್ನ ಸೇರದೇ ಇರೋದು, ಇದು ಎರಡು ವಾರಕ್ಕಿಂತ ಜಾಸ್ತಿ ಎಳೆದ್ರೆ ತೋರಿಸ್ಕೋಬೇಕು, ನಿಂದು ಆರು ವಾರ ಆಗಿದೆ. ಸೋಮಾರಿತನ ಅಲ್ಲ ಇದು, ಇಂಗ್ಲಿಷ್ ಬರಲ್ಲ ಅನ್ನೋ ಕೊರತೇನೂ ಅಲ್ಲ.

ಆ ಮೇಡಂ ಹತ್ರ ಹೇಳ್ಕೊಳ್ಳೋಕೆ ಆಗ್ತಿಲ್ಲ ಅಂದ್ರೆ ತಪ್ಪು ನಿಂದಲ್ಲ. ಅವರು ಎಷ್ಟೇ ಒಳ್ಳೆಯವರಾಗಿರಲಿ, ಮಾರ್ಕ್ಸ್ ಹಾಕೋ ಕೈಯೇ ಕಣ್ಣೀರೂ ಒರೆಸ್ಬೇಕು ಅಂದ್ರೆ ಯಾವ ಹುಡುಗಿ ತಾನೇ ಬಾಯಿ ಬಿಡ್ತಾಳೆ? 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನೂರು ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರೋ ಶಿಕ್ಷಣ ಸಂಸ್ಥೆಗಳಲ್ಲಿ ತರಬೇತಿ ಆಗಿರೋ ಕೌನ್ಸೆಲರೋ ಸೈಕಾಲಜಿಸ್ಟೋ ಇರ್ಲೇಬೇಕು ಅಂದಿದೆ. ಪಾಠ ಮಾಡೋರಿಗೇ ಇನ್ನೊಂದು ಬೋರ್ಡ್ ತಗಲಿಸಿದ್ರೆ ಆಗಲ್ಲ, ಇದನ್ನ ಕಾಲೇಜಿನೋರು ಯಾರಾದ್ರೂ ಓದ್ತಿದ್ರೆ ದಯವಿಟ್ಟು ಯೋಚನೆ ಮಾಡಿ.

ಆದ್ರೆ ಕಾಲೇಜು ಸರಿಯಾಗ್ಲಿ ಅಂತ ನೀನು ಕಾಯ್ಬೇಡ. ಟೆಲಿ ಮನಸ್ ಅಂತ ಸರ್ಕಾರದ್ದು ಸಹಾಯವಾಣಿ ಇದೆ, ನಂಬರ್ 14416, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡ ಆರಿಸ್ಕೊಂಡು ನಿಮ್ಮೂರ ಮಾತಲ್ಲೇ ಮಾತಾಡು. ಏನು ಹೇಳ್ಬೇಕು ಅಂತ ತೋಚದಿದ್ರೆ ನಂಗೆ ಬರೆದ ಪತ್ರಾನೇ ಓದ್ಬಿಡು, ಸಾಕು.

ಎದುರು ಕೂತು ತೋರಿಸ್ಕೊಳ್ಳೋದಕ್ಕೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ, ಬೆಳಿಗ್ಗೆ ಬೇಗ ಹೋಗು, ರೂಮ್‌ಮೇಟ್‌ನ ಕರ್ಕೊಂಡು ಹೋಗು ಯಾಕಂದ್ರೆ ಕಾಯೋದು ಇರುತ್ತೆ ಒಬ್ಬಳೇ ಕೂತ್ರೆ ಅರ್ಧಕ್ಕೇ ಎದ್ದು ಬಂದ್ಬಿಡ್ತೀಯ. ಊರಿಗೆ ಹೋದಾಗಾದ್ರೆ ಜಿಲ್ಲಾ ಆಸ್ಪತ್ರೇಲೂ ಮಾನಸಿಕ ಆರೋಗ್ಯ ವಿಭಾಗ ಇರುತ್ತೆ. ಒಳಗೆ ಏನೂ ಭಯ ಪಡೋ ಅಂಥದ್ದಿಲ್ಲ: ಯಾವಾಗಿಂದ, ನಿದ್ದೆ ಹೇಗೆ, ಊಟ ಹೇಗೆ, ಮನೇಲಿ ಯಾರ್ಯಾರು ಅಂತ ಕೇಳ್ತಾರೆ, ರಕ್ತ, ಥೈರಾಯ್ಡ್ ಟೆಸ್ಟ್ ಬರ್ಕೊಡ್ಬಹುದು, ಥೈರಾಯ್ಡ್ ತೊಂದ್ರೆ ಇದ್ರೂ ಹೀಗೆ ಆಗ್ಬಹುದು. ಸಾಯೋ ಯೋಚನೆ ಬರುತ್ತಾ ಅಂತಾನೂ ಕೇಳ್ತಾರೆ, ಗಾಬರಿ ಬೀಳ್ಬೇಡ, ಅದು ಎಲ್ರಿಗೂ ಕೇಳೋ ಪ್ರಶ್ನೆ. ಬರ್ತಿದ್ರೆ ಮುಚ್ಚಿಡದೇ ಹೌದು ಅನ್ನು. ಆ ಯೋಚನೆ ಜೋರಾದ್ರೆ ಆಸ್ಪತ್ರೆ ದಿನಕ್ಕೆ ಅಂತ ಕಾಯ್ಬೇಡ, ಪಕ್ಕದ ಹಾಸಿಗೆಯವಳನ್ನ ಎಬ್ಬಿಸು, ಆ ನಿಮಿಷಾನೇ 14416ಕ್ಕೆ ಫೋನ್ ಮಾಡು.

ರೆಕಾರ್ಡ್ ವಿಷ್ಯ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಚಿಕಿತ್ಸೆ ಕೊಡೋರು ನಿನ್ನ ವಿಷ್ಯ ಗುಟ್ಟಾಗಿಡ್ಬೇಕು. ಜೀವಕ್ಕೆ ಅಪಾಯ ಇರೋ ಥರದ ಕೆಲವು ಸಂದರ್ಭದಲ್ಲಿ ಮಾತ್ರ ಬೇರೆಯವರಿಗೆ ಹೇಳ್ಬೇಕಾಗಬಹುದು, ಅದನ್ನೂ ಈಗಲೇ ಹೇಳಿದೀನಿ ಆಮೇಲೆ ಮೋಸ ಅನ್ನಿಸ್ಬಾರ್ದು. ಮಾರ್ಕ್ಸ್ ಕಾರ್ಡಿಗೂ ಇದಕ್ಕೂ ಸಂಬಂಧಾನೇ ಇಲ್ಲ.

ಅಮ್ಮಂಗೆ ಎಲ್ಲಾ ಒಂದೇ ಸಲ ಹೇಳೋದೇನೂ ಬೇಡ. ನಾಳೆ ಊಟ ಆಯ್ತಾ ಅಂದಾಗ, "ಇಲ್ಲಮ್ಮ, ಈಚೆಗೆ ಊಟ ಸೇರ್ತಿಲ್ಲ" ಅಂತ ಅಷ್ಟೇ ಹೇಳು. ಯಾಕೆ ಅಂತ ಅವರೇ ಕೇಳ್ತಾರೆ.