ಸೆನೆಟ್‌ನಲ್ಲಿ ಬಹುಮತ ಸಿಕ್ಕರೆ ಡೆಮಾಕ್ರಟಿಕ್ ಪಕ್ಷ ಫಿಲಿಬಸ್ಟರ್ ತೆಗೆದುಹಾಕಬೇಕಾ?

ತೆಗೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ಏಳೆಂಟು ವರ್ಷದ ಹಿಂದೆ ಕೇಳಿದ್ದರೆ "ಬೇಡಪ್ಪಾ, ಇರಲಿ ಬಿಡಿ" ಅನ್ನುತ್ತಿದ್ದೆ. "ನಾಳೆ ರಿಪಬ್ಲಿಕನ್ನರು ಬಂದರೆ ಅದೇ ಇವರಿಗೆ ತಿರುಗುಬಾಣ ಆಗಲ್ವಾ?" ಅಂತಲೂ ಕೇಳಿದ್ದೀರಿ. ಆಗುತ್ತದೆ. ಅದರ ಬಗ್ಗೆಯೂ ಹೇಳುತ್ತೇನೆ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ 100 ಜನ. ಮಸೂದೆ ಪಾಸಾಗಲು 51 ಮತ ಸಾಕು. ಆದರೆ "ಚರ್ಚೆ ಸಾಕು, ಮತಕ್ಕೆ ಹಾಕೋಣ" ಅನ್ನುವುದಕ್ಕೇ 60 ಮತ ಬೇಕು. ಅಂದರೆ 41 ಜನ ಒಟ್ಟಾದರೆ ಮಸೂದೆ ಅಲ್ಲೇ ಕೊಳೆಯುತ್ತದೆ. ಹೀಗೆ ಅಡ್ಡಗಟ್ಟುವುದೇ ಫಿಲಿಬಸ್ಟರ್.

2019ರ ಜುಲೈನಲ್ಲಿ ವಿಧಾನಸೌಧದಲ್ಲಿ ಆದದ್ದು ನೆನಪಿದೆಯಾ? ಕುಮಾರಸ್ವಾಮಿ ವಿಶ್ವಾಸಮತ ಕೇಳಿದ್ದು 18ಕ್ಕೆ, ಮತಕ್ಕೆ ಹಾಕಿದ್ದು 23ಕ್ಕೆ. ರಾಜ್ಯಪಾಲರು ಗಡುವಿನ ಮೇಲೆ ಗಡುವು ಕೊಟ್ಟರೂ ಭಾಷಣ ನಿಲ್ಲಲಿಲ್ಲ. ಬಿಜೆಪಿಯವರು ಒಂದು ರಾತ್ರಿ ಅಲ್ಲೇ ಮಲಗಿದರು. ಕೊನೆಗೆ 99-105ರಲ್ಲಿ ಸರ್ಕಾರ ಬಿತ್ತು. ಮಾತಿನಲ್ಲೇ ಕಾಲ ತಳ್ಳುವುದು ಅಂದರೆ ಅದು. ನಮ್ಮಲ್ಲಿ ಕಾಲ ತಳ್ಳಲು ಮಾತಾದರೂ ಆಡಬೇಕಿತ್ತು. ಸೆನೆಟ್‌ನಲ್ಲಿ ಈಗ ಅದೂ ಬೇಡ. 1970ರ ದಶಕದಲ್ಲಿ ಒಂದು ಹೊಸ ಪದ್ಧತಿ ತಂದರು: ತಕರಾರಿರುವ ಮಸೂದೆ ಪಕ್ಕಕ್ಕಿಟ್ಟು ಬೇರೆ ಕೆಲಸ ನಡೆಸುವುದು. ಸದನ ನಿಲ್ಲಬಾರದು ಅನ್ನುವುದು ಉದ್ದೇಶ. ಆದರೆ ಅಡ್ಡಿ ಮಾಡುವವರಿಗೆ ಪುಕ್ಕಟೆ ಅನುಕೂಲ ಆಯಿತು. 1957ರಲ್ಲಿ ಸೆನೆಟರ್ ಸ್ಟ್ರಾಮ್ ಥರ್ಮಂಡ್ 24 ಗಂಟೆ 18 ನಿಮಿಷ ನಿಂತು ಮಾತಾಡಿದ್ದರು. ಇವತ್ತು ತಕರಾರು ಇದೆ ಅಂತ ತಿಳಿಸಿ ಮನೆಗೆ ಹೋಗಿ ಊಟ ಮಾಡಬಹುದು.

ಇದನ್ನು ದೇಶ ಕಟ್ಟಿದ ಹಿರಿಯರು ಯೋಚಿಸಿ ಇಟ್ಟ ವ್ಯವಸ್ಥೆ ಅಂತ ಹೇಳುವವರಿದ್ದಾರೆ. ಸಂವಿಧಾನದಲ್ಲಿ ಇದರ ಸುದ್ದಿಯೇ ಇಲ್ಲ. 1806ರಲ್ಲಿ ನಿಯಮಗಳ ಪುಸ್ತಕ ಚೊಕ್ಕಟ ಮಾಡುವಾಗ, ಚರ್ಚೆ ನಿಲ್ಲಿಸಲು ಬಳಸಬಹುದಾಗಿದ್ದ ಒಂದು ನಿಯಮವನ್ನು ಉಪಯೋಗವಿಲ್ಲ ಅಂತ ಕೈಬಿಟ್ಟರು. ಅಲ್ಲಿ ಬಿದ್ದ ಸಂದಿಯಲ್ಲಿ ಬೆಳೆದ ಗಿಡ ಇದು. ಅದರ ನೆರಳಲ್ಲಿ ಹೆಚ್ಚು ಕಾಲ ಕೂತವರು ದಕ್ಷಿಣದ ವರ್ಣಭೇದವಾದಿಗಳು. ಕರಿಯರನ್ನು ಗುಂಪು ಸೇರಿ ಕೊಲ್ಲುವುದರ ವಿರುದ್ಧದ ಮಸೂದೆ 1922ರಲ್ಲೇ ಕೆಳಮನೆಯಲ್ಲಿ ಪಾಸಾಗಿತ್ತು, ಸೆನೆಟ್‌ನಲ್ಲಿ ಫಿಲಿಬಸ್ಟರ್‌ಗೆ ಸಿಕ್ಕಿ ಸತ್ತಿತು. ಅಂಥ ಕಾನೂನು ಬಂದದ್ದು 2022ರಲ್ಲಿ. ಲೆಕ್ಕ ಹಾಕಿ, ನೂರು ವರ್ಷ. 1964ರ ನಾಗರಿಕ ಹಕ್ಕು ಮಸೂದೆ ಫಿಲಿಬಸ್ಟರ್ ದಾಟಿದ್ದು 71-29ರಲ್ಲಿ. ಅವತ್ತು ಮೆದುಳಿನ ಗೆಡ್ಡೆಯಿಂದ ಮಾತು ಕಳೆದುಕೊಂಡಿದ್ದ ಕ್ಯಾಲಿಫೋರ್ನಿಯಾದ ಸೆನೆಟರ್ ಕ್ಲೇರ್ ಎಂಗಲ್ ಅವರನ್ನು ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ಹೆಸರು ಕರೆದಾಗ ಅವರು ತಮ್ಮ ಕಣ್ಣು ತೋರಿಸಿದರು. ಇಂಗ್ಲಿಷಿನಲ್ಲಿ ಕಣ್ಣಿಗೂ "ಐ", ಒಪ್ಪಿಗೆಗೂ "ಐ". ಆ ಪ್ರಸಂಗ ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಈಗ ನನ್ನ ವಿಷಯ. 2017-18ರಲ್ಲಿ ನಾನು ಎಚ್-1ಬಿ ವೀಸಾದಲ್ಲಿದ್ದೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ಏಳು ವರ್ಷ ಆಗಿತ್ತು. ಕಾನೂನುಬದ್ಧ ವಲಸೆಯನ್ನೇ ಅರ್ಧ ಮಾಡುವ ಮಾತು ಆಗ ಜೋರಾಗಿತ್ತು. ಶ್ವೇತಭವನ, ಎರಡೂ ಸದನ, ಮೂರೂ ರಿಪಬ್ಲಿಕನ್ನರದ್ದೇ. ಸೆನೆಟ್‌ನ 60ರ ಗೋಡೆ ಒಂದೇ ನಮ್ಮನ್ನು ಕಾಯುತ್ತಿದೆ ಅಂತ ನಾವು ಗೆಳೆಯರೆಲ್ಲ ನಂಬಿದ್ದೆವು.

2018ರ ಫೆಬ್ರವರಿ 15ರಂದು ಸೆನೆಟ್ ವಲಸೆ ಬಗ್ಗೆ ಸಾಲಾಗಿ ಮತ ಹಾಕಿತು. ಆಫೀಸಿನಲ್ಲಿ ಕೆಲಸ ಬಿಟ್ಟು ನೋಡುತ್ತಿದ್ದೆ. ವಲಸೆ ಕಡಿತ ಇದ್ದ, ಟ್ರಂಪ್ ಬೆನ್ನಿಗೆ ನಿಂತಿದ್ದ ಪ್ರಸ್ತಾಪಕ್ಕೆ ಬಿದ್ದ ಮತ 39. ಅರವತ್ತು ಹೋಗಲಿ, ಐವತ್ತೂ ಇಲ್ಲ. ಅವರದೇ ಪಕ್ಷದ ಹಲವರು ಒಪ್ಪಲಿಲ್ಲ. ಎರಡೂ ಪಕ್ಷದವರು ಸೇರಿ ಮಾಡಿದ್ದ ಇನ್ನೊಂದು ಪ್ರಸ್ತಾಪ ಇತ್ತು. ಚಿಕ್ಕಂದಿನಲ್ಲೇ ಅಪ್ಪ ಅಮ್ಮನ ಜೊತೆ ಬಂದು ಕಾಗದಪತ್ರ ಇಲ್ಲದೆ ಬೆಳೆದ 18 ಲಕ್ಷ ಜನರಿಗೆ ಪೌರತ್ವದ ದಾರಿ, ಗಡಿ ಭದ್ರತೆಗೆ 2,500 ಕೋಟಿ ಡಾಲರ್. ಅದಕ್ಕೆ ಬಿದ್ದದ್ದು 54. 60 ಇಲ್ಲ ಅಂತ ಅದೂ ಸೋತಿತು! ನಾನು ಹೆದರಿದ್ದ ಪ್ರಸ್ತಾಪವನ್ನು ತಡೆಯಲು ಗೋಡೆ ಬೇಕೇ ಇರಲಿಲ್ಲ. ಗೋಡೆ ತಡೆದದ್ದು ಬಹುಮತ ಇದ್ದ ಒಳ್ಳೆಯ ಪ್ರಸ್ತಾಪವನ್ನು. ಅವತ್ತು ನನ್ನ ಲೆಕ್ಕ ತಲೆಕೆಳಗಾಯಿತು.

ಆಮೇಲೆ ನೋಡುತ್ತಾ ಹೋದರೆ ಇಡೀ ನಿಯಮವೇ ತಲೆಕೆಳಗಾಗಿತ್ತು. 2013ರಲ್ಲಿ ಡೆಮಾಕ್ರಟಿಕ್ ನಾಯಕ ಹ್ಯಾರಿ ರೀಡ್ ಕೆಳಗಿನ ಕೋರ್ಟುಗಳ ನೇಮಕಕ್ಕೆ 60ರ ನಿಯಮ ತೆಗೆದರು. 2017ರಲ್ಲಿ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಸುಪ್ರೀಂ ಕೋರ್ಟಿಗೂ ತೆಗೆದರು. ಆಮೇಲೆ ಆ ಕೋರ್ಟಿನ ನ್ಯಾಯಾಧೀಶರಾಗಿ ಕ್ಯಾವನಾ ಗೆದ್ದದ್ದು 50-48ರಲ್ಲಿ, ಬ್ಯಾರೆಟ್ 52-48ರಲ್ಲಿ. ತೆರಿಗೆ, ಖರ್ಚಿಗೂ ಒಂದು ಹಿಂಬಾಗಿಲಿದೆ. ಬಜೆಟ್‌ಗೆ ಸಂಬಂಧಪಟ್ಟದ್ದು ಅಂತ ತೋರಿಸಿದರೆ 51 ಸಾಕು. ನಮ್ಮಲ್ಲಿ 2016ರಲ್ಲಿ ಆಧಾರ್ ಮಸೂದೆಯನ್ನು ಹಣಕಾಸು ಮಸೂದೆ ಅಂತ ಕರೆದು ರಾಜ್ಯಸಭೆಯ ತಡೆ ತಪ್ಪಿಸಿದರಲ್ಲ, ಸುಮಾರಾಗಿ ಅದೇ ಜಾಣತನ. 2025ರ ಟ್ರಂಪ್ ತೆರಿಗೆ ಮಸೂದೆ ಹೀಗೇ 51-50ರಲ್ಲಿ ಹೋಯಿತು, ಉಪಾಧ್ಯಕ್ಷ ವಾನ್ಸ್ ಅವರ ಒಂದು ಮತದಿಂದ.

ಅಂದರೆ ಈಗಿನ ಸ್ಥಿತಿ ಹೀಗಿದೆ. ಸಾಯುವತನಕ ಕೂರಬಹುದಾದ ನ್ಯಾಯಾಧೀಶರಿಗೆ 51 ಸಾಕು. ಮುಂದಿನ ಚುನಾವಣೆ ಆದ ಮೇಲೆ ತಿದ್ದಬಹುದಾದ ಕಾನೂನಿಗೆ 60 ಬೇಕು. ಯಾರಾದರೂ ಬುದ್ಧಿ ಇದ್ದವರು ಹೀಗೆ ಮಾಡುತ್ತಾರಾ? ತಪ್ಪಾದರೆ ಸರಿಮಾಡಲಾಗದ ಕಡೆ ಬಾಗಿಲು ಹಾರು ಹೊಡೆದು, ಸರಿಮಾಡಬಹುದಾದ ಕಡೆ ಮೂರು ಬೀಗ.

ನಿಮ್ಮ ತಿರುಗುಬಾಣದ ಪ್ರಶ್ನೆಗೆ ಬರುತ್ತೇನೆ. ರಿಪಬ್ಲಿಕನ್ನರಿಗೆ ಜಾಸ್ತಿ ಬೇಕಾದದ್ದು ನ್ಯಾಯಾಧೀಶರು ಮತ್ತು ತೆರಿಗೆ ಕಡಿತ. ಎರಡೂ ಆಗಲೇ 51ಕ್ಕೆ ಸಿಗುತ್ತವೆ. ಅದಕ್ಕೇ 2025ರಲ್ಲಿ 43 ದಿನ ಸರ್ಕಾರ ಬಂದ್ ಆಗಿ, ಆ ಹಿಂಬಾಗಿಲಿನಿಂದ ತರಲಾಗದ, ಸರ್ಕಾರ ನಡೆಸುವ ಖರ್ಚಿನ ಮಸೂದೆಗೆ 60 ಸಿಗದೆ, ಟ್ರಂಪ್ ಮತ್ತೆ ಮತ್ತೆ ಒತ್ತಾಯಿಸಿದರೂ 53 ಸೀಟಿನ ಅವರ ಪಕ್ಷ ಫಿಲಿಬಸ್ಟರ್ ಮುಟ್ಟಲಿಲ್ಲ. ಡೆಮಾಕ್ರಟರಿಗೆ ಬೇಕಾದದ್ದು ಮತದಾನದ ಹಕ್ಕು, ಕನಿಷ್ಠ ವೇತನ, ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆ. ಎಲ್ಲವೂ ಮಾಮೂಲಿ ಕಾನೂನುಗಳು, ಎಲ್ಲಕ್ಕೂ 60. ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಸತ್ತ ಮೇಲೂ ಆ ತಪಾಸಣೆಯ ಮಸೂದೆ 2013ರಲ್ಲಿ 54 ಮತಕ್ಕೆ ನಿಂತುಹೋಯಿತು.

ಬಾಗಿಲು ತೆಗೆದರೆ ಕೆಟ್ಟ ಕಾನೂನುಗಳೆಲ್ಲ ನುಗ್ಗುತ್ತವೆ ಅನ್ನುವುದೂ ಅಷ್ಟು ಖಚಿತವಲ್ಲ. 2017ರಲ್ಲಿ ಒಬಾಮಾ ಕಾಲದ ಆರೋಗ್ಯ ವಿಮೆ ಕಾನೂನು ಒಬಾಮಾಕೇರ್ ಕಿತ್ತುಹಾಕಲು ಹಿಂಬಾಗಿಲಿನ ದಾರಿ ಇತ್ತು. ಆದರೂ 49-51ರಲ್ಲಿ ಬಿತ್ತು. ಬೀಳಿಸಿದ್ದು ಅವರದೇ ಪಕ್ಷದ ಮೂವರು. ಜನರ ಕೈಯಿಂದ ಸೌಲಭ್ಯ ಕಿತ್ತುಕೊಳ್ಳಲು ಕೈ ಎತ್ತುವುದು ಸುಲಭವಲ್ಲ.

ಒಂದು ಆಕ್ಷೇಪಕ್ಕೆ ಮಾತ್ರ ನನ್ನ ಹತ್ತಿರ ಸಮಾಧಾನದ ಉತ್ತರ ಇಲ್ಲ. ಆರು ಲಕ್ಷವೂ ಇಲ್ಲದ ವಯೋಮಿಂಗ್‌ಗೂ ಸುಮಾರು ನಾಲ್ಕು ಕೋಟಿಯ ಕ್ಯಾಲಿಫೋರ್ನಿಯಾಗೂ ಇಬ್ಬಿಬ್ಬರೇ ಸೆನೆಟರ್‌ಗಳು. ಹಾಗಾಗಿ 51 ಸೆನೆಟರ್‌ಗಳು ಅಂದರೆ ದೇಶದ ಅರ್ಧ ಜನ ಅಂತಲ್ಲ. ಆದರೆ 41ರ ಕೈಗೆ ಬೀಗ ಕೊಟ್ಟರೆ ಆ ಅನ್ಯಾಯ ಇನ್ನೂ ಜಾಸ್ತಿ ಅಲ್ವಾ?

ಆಗುತ್ತದಾ ಅಂತ ಕೇಳಿದರೆ, ನನಗೆ ಅನುಮಾನ. 2017ರಲ್ಲಿ "ಫಿಲಿಬಸ್ಟರ್ ಉಳಿಸಿ" ಅಂತ 61 ಸೆನೆಟರ್‌ಗಳು ಪತ್ರಕ್ಕೆ ಸಹಿ ಹಾಕಿದರು. ಡೆಮಾಕ್ರಟರು ಬೇಕಾದಷ್ಟು ಜನ ಇದ್ದರು, ಕಮಲಾ ಹ್ಯಾರಿಸ್ ಕೂಡ. ಹ್ಯಾರಿಸ್ ಆಮೇಲೆ ಮನಸ್ಸು ಬದಲಿಸಿದರು. 2022ರ ಜನವರಿಯಲ್ಲಿ ಮತದಾನ ಹಕ್ಕಿನ ಮಸೂದೆಗಾಗಿ ನಿಯಮ ಬದಲಿಸಲು ಹೋದಾಗ ಸಿಕ್ಕಿದ್ದು 48. ಡೆಮಾಕ್ರಟಿಕ್ ಸೆನೆಟರುಗಳಾದ ಜೋ ಮ್ಯಾಂಚಿನ್ ಮತ್ತು ಕಿರ್ಸ್ಟನ್ ಸಿನೆಮಾ ಕೈಕೊಟ್ಟರು ಅಂತ ಎಲ್ಲರೂ ಬೈದರು. ಇಬ್ಬರೂ ಈಗ ಸೆನೆಟ್‌ನಲ್ಲಿಲ್ಲ. ಅವರ ಬೆನ್ನಿನ ಹಿಂದೆ ಇನ್ನೆಷ್ಟು ಜನ ಅಡಗಿದ್ದರೋ ಅನ್ನುವುದು ನನ್ನ ಗುಮಾನಿ. 60ರ ನೆಪ ಇದ್ದರೆ ಕೊಟ್ಟ ಮಾತು ನಡೆಸದೆಯೂ ಮತ ಕೇಳಬಹುದು.

ನನಗೆ ಈಚೆಗೆ ಪೌರತ್ವ ಬಂತು. ಮೊದಲ ಸಲ ವೋಟು ಹಾಕಬೇಕು. ಹೋದ ಶನಿವಾರ ಪ್ರಚಾರಕ್ಕೆ ಒಬ್ಬ ಹುಡುಗ ಮನೆಗೆ ಬಂದಿದ್ದ. ಕನಿಷ್ಠ ವೇತನ, ಮತದಾನದ ಹಕ್ಕು ಅಂತ ಚೆನ್ನಾಗಿಯೇ ಹೇಳಿದ. "ಫಿಲಿಬಸ್ಟರ್ ಬಗ್ಗೆ ನಿಮ್ಮ ಅಭ್ಯರ್ಥಿ ಏನು ಹೇಳುತ್ತಾರೆ?" ಅಂತ ಕೇಳಿದೆ. ಕೈಯಲ್ಲಿದ್ದ ಕಾಗದದ ಎರಡೂ ಬದಿ ನೋಡಿದ. ಅದರಲ್ಲಿ ಇರಲಿಲ್ಲ.